ಫೊಲೆನ್ ಬಗ್ಗೆ ಬರೆಯಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ಪಾಠ ಹೇಳಿದ ಕಾರ್ಲ್ ಫೊಲೆನ್ ಎಂದರೆ ಎಲ್ಲರೂ ಕ್ರಿಸ್ಮಸ್ ಮರದ ಕತೆಯನ್ನೇ ಹಿಡಿದುಕೊಳ್ಳುತ್ತಾರೆ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನಲ್ಲಿ ಕ್ರಿಸ್ಮಸ್‌ಗೆ ಮರ ಸಿಂಗರಿಸುವ ಪದ್ಧತಿ ಹಬ್ಬಿಸಿದವರಲ್ಲಿ ಆತನೂ ಒಬ್ಬ, ಅಷ್ಟೆ. ನೀನು ಆತನ ಪಾಠದಿಂದ ಶುರುಮಾಡು.

ಹುಟ್ಟಿದ್ದು 1796ರಲ್ಲಿ, ಜರ್ಮನಿಯ ರೋಮ್‌ರೋಡ್‌ನಲ್ಲಿ. ಓದಿದ್ದು ಕಾನೂನು. 1819ರಲ್ಲಿ ಕಾರ್ಲ್ ಸಾಂಡ್ ಎಂಬ ವಿದ್ಯಾರ್ಥಿ ನಾಟಕಕಾರ ಕೊತ್ಸೆಬ್ಯೂನನ್ನು ಇರಿದು ಕೊಂದಾಗ, ಒಡನಾಡಿಯೆಂದು ಫೊಲೆನ್‌ನನ್ನೂ ಹಿಡಿದರು. ಸಾಕ್ಷ್ಯ ಸಿಗದೆ ಬಿಟ್ಟರು. ಸ್ವಿಟ್ಜರ್ಲೆಂಡಿಗೆ ಹೋದರೂ ಜರ್ಮನ್ ರಾಜ್ಯವಾದ ಪ್ರಷ್ಯಾ ಬೆನ್ನು ಬಿಡಲಿಲ್ಲ. 1824ರಲ್ಲಿ ಅಮೆರಿಕದ ಹಡಗು ಹತ್ತಿದ.

ಮರುವರ್ಷ ಹಾರ್ವರ್ಡ್‌ನಲ್ಲಿ ಜರ್ಮನ್ ಪಾಠ. ಕಷ್ಟಪಟ್ಟು ಸೇರಿಸಿದರೂ ಬಂದವರು ಎಂಟೇ ಜನ. ಅಂಗಡಿಗಳಲ್ಲಿ ಜರ್ಮನ್ ಪುಸ್ತಕವೇ ಇಲ್ಲ. ಹಾಗಾಗಿ ತಾನೇ ಪಠ್ಯ ಆಯ್ದು, ಪಾಠ ಮುಂದುವರಿದಂತೆ ಒಂದೊಂದೇ ಹಾಳೆ ಅಚ್ಚು ಹಾಕಿಸಿ ಕೊಟ್ಟ. ಜರ್ಮನ್ ಅಚ್ಚುಮೊಳೆ ಸುತ್ತಮುತ್ತ ಸಿಗದ್ದರಿಂದ ಎಲ್ಲ ರೋಮನ್ ಅಕ್ಷರದಲ್ಲಿ. ಅಂದರೆ ಭಾಷೆ ಬಂದಮೇಲೂ, ಆಗಿನ ಜರ್ಮನಿಯ ಪುಸ್ತಕ ತೆರೆದರೆ ಫ್ರಾಕ್ಟೂರ್ ಎಂಬ ಹಳೆಯ ಜರ್ಮನ್ ಅಚ್ಚಿನ ಲಿಪಿಯನ್ನು ಬೇರೆಯಾಗಿ ಕಲಿಯಬೇಕಿತ್ತು! ವ್ಯಾಕರಣ ಪುಸ್ತಕ ಬಂದದ್ದು 1828ರಲ್ಲಿ. ನಡುವೆ ಕಾಲೇಜಿನ ಊಟದ ಕೋಣೆಯೊಂದರಲ್ಲಿ ವ್ಯಾಯಾಮಶಾಲೆಯನ್ನೂ ತೆರೆದ.

1830ರಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು, ಐದೇ ವರ್ಷಕ್ಕೆ. ಅದಕ್ಕೆ ಹಿತೈಷಿಗಳ ಹಣವೂ ಸೇರಿತ್ತು. ಗುಲಾಮಗಿರಿ ವಿರೋಧಿಸಿದ್ದಕ್ಕೆ ಕಿತ್ತುಹಾಕಿದರು ಎಂದು ಸಲೀಸಾಗಿ ಬರೆದುಬಿಡಬೇಡ ಮಾರಾಯ. ಕೀಳುವ ಪ್ರಸಂಗವೇ ಬರಲಿಲ್ಲ: 1835ರಲ್ಲಿ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಗುಲಾಮಗಿರಿ ವಿರುದ್ಧದ ಆತನ ಭಾಷಣಗಳು ಹಾರ್ವರ್ಡಿನವರಿಗೆ ಹಿಡಿಸಿರಲಿಲ್ಲ ಎನ್ನುವುದೂ ನಿಜ.

1836ರಲ್ಲಿ ಯುನಿಟೇರಿಯನ್ ಎಂಬ, ತ್ರಿಯೇಕತ್ವ ಒಪ್ಪದ ಕ್ರೈಸ್ತ ಪಂಥದ ಪಾದ್ರಿಯಾಗಿ ದೀಕ್ಷೆ. ಬಾಸ್ಟನ್ ಬಳಿಯ ಈಸ್ಟ್ ಲೆಕ್ಸಿಂಗ್ಟನ್‌ನ ಎಂಟುಮೂಲೆಯ ಚರ್ಚಿಗೆ ನಕ್ಷೆ ಹಾಕಿದವನೂ ಆತನೇ. ಅದರ ಪ್ರತಿಷ್ಠಾಪನೆಗೆಂದು 1840ರ ಜನವರಿ 13ರಂದು ನ್ಯೂಯಾರ್ಕಿನಲ್ಲಿ ಹತ್ತಿದ ಉಗಿಹಡಗಿನ ಹೆಸರೂ ಲೆಕ್ಸಿಂಗ್ಟನ್. ಹತ್ತಿಯ ಸುಮಾರು 150 ಬೇಲುಗಳನ್ನು ಹೊಗೆಕೊಳವೆಯ ಪಕ್ಕದಲ್ಲೇ ಪೇರಿಸಿದ್ದರು. ಬೆಂಕಿ ಹತ್ತಿದಾಗ ಎಂಜಿನ್ ನಿಲ್ಲಿಸಲಾಗಲಿಲ್ಲ. ಓಡುವ ಹಡಗಿನಿಂದ ಇಳಿಸಿದ ದೋಣಿಗಳಿಗೆ ನೀರು ನುಗ್ಗಿತು. ಸುಮಾರು 140 ಜನರಲ್ಲಿ ಉಳಿದವರು ನಾಲ್ವರು. ಅವರಲ್ಲೊಬ್ಬ 43 ಗಂಟೆ ಹತ್ತಿಯ ಬೇಲಿನ ಮೇಲೆ ತೇಲಿದ. ಫೊಲೆನ್ ಉಳಿಯಲಿಲ್ಲ.

ಗುಲಾಮಗಿರಿಯ ಪ್ರಶ್ನೆಯನ್ನು ಇಲ್ಲಿ ಎತ್ತು. ಆತನ ಸ್ಮರಣಸಭೆಗೆ ಬಾಸ್ಟನ್ನಿನಲ್ಲಿ ಚರ್ಚು ಕೇಳಿದರೆ, ಗುಲಾಮಗಿರಿ ವಿರೋಧಿಯೆಂದು ಕೊಡಲಿಲ್ಲ. ಗೆಳೆಯ ಸ್ಯಾಮ್ಯುಯೆಲ್ ಮೇಗೆ ಶ್ರದ್ಧಾಂಜಲಿ ಭಾಷಣ ಮಾಡಲು ಏಪ್ರಿಲ್‌ವರೆಗೆ ಕಾಯಬೇಕಾಯಿತು. ಅದೂ ಮಾರ್ಲ್‌ಬರೋ ಚಾಪೆಲ್ ಎಂಬ ಸಭಾಂಗಣದಲ್ಲಿ. ಹಾರ್ವರ್ಡ್ ಪ್ರಸಂಗಕ್ಕಿಂತ ಇದೇ ಗಟ್ಟಿ ಆಧಾರ.

ಇಂತಿ ನಿನ್ನ ಗೆಳೆಯ