ಮನೆಯ ಮೊದಲ ಕರಿ ಕೋಟು

ಮೊನ್ನೆ ವಕೀಲರ ಪರಿಷತ್ತಿನಲ್ಲಿ ನನ್ನ ಹೆಸರು ನೋಂದಣಿಯಾಯಿತು. ಹಾರೈಸಿದವರಿಗೆಲ್ಲ ನಮಸ್ಕಾರ. ಫೀಸಿಗಾಗಿ ವರ್ಷಗಟ್ಟಲೆ ಕಂಡವರ ಮನೆಯ ಅಡಿಕೆ ಸುಲಿದ ಅಮ್ಮನಿಗೆ ಏನಂತ ಹೇಳಲಿ, ಬೆರಳಿನ ಚೊಗರಿನ ಕಲೆ ಇನ್ನೂ ಹೋಗಿಲ್ಲ.

ನನ್ನ ಪರಿಚಯವೇ ಇಲ್ಲದ ಒಬ್ಬರಿಗೂ ಋಣಿ ನಾನು: ಸಾಗರದ ರಾಜಕಾರಣಿ ಕಾಗೋಡು ತಿಮ್ಮಪ್ಪನವರಿಗೆ.

ಅಜ್ಜ ಗೇಣಿದಾರ. ಗೇಣಿ ಭತ್ತ ಅಳೆಯುವ ದಿನ ಭೂಮಿಯ ಒಡೆಯರ ಮನೆಯಿಂದ ದೊಡ್ಡ ಕೊಳಗವೇ, ಅಂದರೆ ಹೆಚ್ಚು ಹಿಡಿಯುವ ಅಳತೆಯ ಪಾತ್ರೆಯೇ, ಹೊರಬರುತ್ತಿತ್ತಂತೆ. ಸಾಗರ ಸೀಮೆಯಲ್ಲಿ ಈ ಕೊಳಗದ ಜಗಳವೇ 1951ರಲ್ಲಿ ಕಾಗೋಡು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದೇ ಊರಿನ ತಿಮ್ಮಪ್ಪ ಕಾನೂನು ಓದಿ ವಕೀಲರಾಗಿ, 1972ರಲ್ಲಿ ಸಾಗರದಿಂದ ಸೋಷಲಿಸ್ಟ್ ಶಾಸಕರಾದರು.

ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅದರಲ್ಲೊಂದು ಸಾಲು ಓದಿ ಕಾಲೇಜಿನಲ್ಲಿ ನಕ್ಕಿದ್ದೆ: ಗೇಣಿದಾರರ ಅರ್ಜಿ ತೀರ್ಮಾನಿಸುವ ಭೂ ನ್ಯಾಯಮಂಡಳಿಯ (ಟ್ರಿಬ್ಯುನಲ್) ಮುಂದೆ ಆಗ ವಕೀಲರು ಹಾಜರಾಗುವಂತಿರಲಿಲ್ಲ. ಆ ಸದನದಲ್ಲಿ ಕಾಗೋಡರಂಥ ವಕೀಲರೇ ಕೂತಿದ್ದರಲ್ಲ! ಒಡೆಯರ ಪರವಾಗಿ ಇಂಗ್ಲಿಷ್ ಬಲ್ಲ ಕರಿ ಕೋಟು ಎದ್ದು ನಿಂತರೆ ಗೇಣಿದಾರನ ನಾಲಿಗೆ ಏಳುವುದಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ, ಅಜ್ಜಿಯ ಬಾಯಿಂದ. ಗೇಣಿ ಗದ್ದೆ ತನ್ನ ಹೆಸರಿಗೆ ಬೇಕೆಂದು ಫಾರಂ 7 ಎಂಬ ಅರ್ಜಿ ಬರೆಸಿ ಡಿಕ್ಲರೇಶನ್ ಹಾಕಿದ ಅಜ್ಜ ಟ್ರಿಬ್ಯುನಲ್ ಮುಂದೆ ತಾನೇ ಮಾತಾಡಿದ್ದನಂತೆ.

"ಏನು ಹೇಳಿದ?"

"ಗದ್ದೆಯ ನಾಲ್ಕು ಗಡಿ ಹೇಳ್ದ. ಮತ್ತೇನು ಹೇಳದು?"

ಗದ್ದೆ ನಮ್ಮದಾಯಿತು. ಅದರ ಮೇಲೆ ಅಪ್ಪನ ಹೈಸ್ಕೂಲು, ನನ್ನ ಲಾ ಕಾಲೇಜು.

ಮುಂದೆ ಕಾಂಗ್ರೆಸ್ಸಿನಲ್ಲಿದ್ದ ಕಾಗೋಡು 2013ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು. ಆ ಕುರ್ಚಿಯಿಂದ ತಮ್ಮದೇ ಪಕ್ಷದ ಮಂತ್ರಿಗಳನ್ನು ಗದರಿಸಿದ್ದನ್ನು ಟೀವಿಯಲ್ಲಿ ನೋಡಿ ನಮ್ಮನೆಯಲ್ಲಿ ಚಪ್ಪಾಳೆ ಬಿದ್ದಿತ್ತು. 2016ರಲ್ಲಿ ಕಂದಾಯ ಮಂತ್ರಿಯಾದರು. ತಾಂಡಾ, ಹಟ್ಟಿಗಳಲ್ಲಿ ದಾಖಲೆಯಿಲ್ಲದೆ ಬದುಕಿದವರಿಗೆ ಅವರ ಮನೆಯಡಿಯ ನೆಲ ಕೊಡಿಸುವ ತಿದ್ದುಪಡಿಗೆ ದುಡಿದರು. 2018ರಲ್ಲಿ ಸೋತರು. ಎಲ್ಲರಿಗೂ ಭೂಮಿ ಸಿಕ್ಕಿತೆಂದು ನಾನು ಹೇಳುವುದಿಲ್ಲ. ಗೇಣಿ ಚೀಟಿಯೂ ಇಲ್ಲದ ಕೂಲಿಯವರು ನಮ್ಮೂರಲ್ಲೇ ಹಾಗೇ ಉಳಿದರು, ಅವರ ಮೊಮ್ಮಕ್ಕಳು ನನ್ನ ಜೊತೆ ಓದಿದವರು.

ಹೊಸ ಕೋಟು ತೊಟ್ಟು ಅಜ್ಜಿಯ ಕಾಲಿಗೆ ಬಿದ್ದೆ. ಅವಳು ಬಟ್ಟೆ ಮುಟ್ಟಿ ನೋಡಿ, "ಆಗ ಈ ಕೋಟಿನವ್ರನ್ನ ಒಳಗೇ ಬಿಡ್ತಿರ್ಲಿಲ್ಲ, ಗೊತ್ತುಂಟಾ?" ಅಂದಳು.