ಪಟ್ಟಿ ಅಂಟಿಸುವ ಮೊದಲು

ಪ್ರೀತಿಯ ಪುಟ್ಟಿ,

"ಅಪ್ಪ, ಅವಳನ್ನು ತಂಡದಿಂದ ಕೈಬಿಟ್ಟಿದ್ದು ತಪ್ಪಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಫೋನ್ ಇಟ್ಟುಬಿಟ್ಟೆ. ಮತ್ತೆ ಫೋನ್ ಮಾಡಿದರೆ ಅರ್ಧಕ್ಕೇ ವಾದಕ್ಕಿಳಿಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನೀವಿಬ್ಬರೂ ಒಟ್ಟಿಗೆ ಬೆಳೆದ ಕಥೆಯನ್ನು ಇಲ್ಲಿ ಎತ್ತುವುದಿಲ್ಲ. ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಕೈಬಿಟ್ಟಿದ್ದು ತಪ್ಪಲ್ಲ. ಚೆಂಡು ತಿರುಗುವ ಪಿಚ್‌ನಲ್ಲಿ ಇನ್ನೊಬ್ಬ ಸ್ಪಿನ್ನರ್ ಬೇಕಿತ್ತು, ನಾಯಕಿಯಾಗಿ ನೀನು ತೀರ್ಮಾನಿಸಿದೆ. ಆದರೆ ಹನ್ನೊಂದರಲ್ಲಿ ತನ್ನ ಹೆಸರಿಲ್ಲವೆಂದು ಅವಳಿಗೆ ತಿಳಿದದ್ದು ಹಾಸ್ಟೆಲ್‌ನ ಸೂಚನಾ ಫಲಕದ ಮುಂದೆ, ಉಳಿದ ಹುಡುಗಿಯರೆಲ್ಲ ನೋಡುತ್ತಿದ್ದಾಗ. ನನ್ನನ್ನು ಚುಚ್ಚುತ್ತಿರುವುದು ಅದೊಂದೇ.

2004ರ ಮಾರ್ಚ್‌ನ ಮುಲ್ತಾನ್ ಟೆಸ್ಟ್‌ಗೆ ನಾಯಕ ಗಂಗೂಲಿ ಗಾಯಗೊಂಡು ಹೊರಗಿದ್ದರು, ಅವರ ಬದಲು ದ್ರಾವಿಡ್ ನಾಯಕರಾಗಿದ್ದರು. ಐದು ವಿಕೆಟ್‌ಗೆ 675 ಆದಾಗ ಡಿಕ್ಲೇರ್ ಮಾಡಿ, ಬ್ಯಾಟಿಂಗ್ ಅಲ್ಲಿಗೇ ಮುಗಿಸಿದರು. ಆಗ ಸಚಿನ್ 194ರಲ್ಲಿ ಅಜೇಯ, ದ್ವಿಶತಕಕ್ಕೆ ಆರೇ ರನ್ ಬಾಕಿ. ಭಾರತ ಇನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದಿತು. ಪಾಕಿಸ್ತಾನದ ನೆಲದಲ್ಲಿ ನಮಗೆ ಅದೇ ಮೊದಲ ಟೆಸ್ಟ್ ಗೆಲುವು. ಆದರೂ ಸಚಿನ್‌ಗೆ ನೋವಾಗಿತ್ತು. ಅದನ್ನು ಅವರು ದ್ರಾವಿಡ್ ಎದುರಿಗೇ ಹೇಳಿಕೊಂಡರು. ಮೈದಾನದಲ್ಲಿ ಇದರ ನೆರಳು ಬೀಳದು, ಹೊರಗೆ ಮಾತ್ರ ಸ್ವಲ್ಪ ಕಾಲ ನನ್ನ ಪಾಡಿಗೆ ನನ್ನನ್ನು ಬಿಡು ಎಂದರು. ಆಮೇಲೆ ವರ್ಷಗಟ್ಟಲೆ ಒಟ್ಟಿಗೆ ಆಡಿದರು. ತೀರ್ಮಾನ ಸರಿಯಿದ್ದರೂ ನೋವಾಗುತ್ತದೆ, ಪುಟ್ಟಿ. ಗೆಲುವು ಆ ನೋವಿಗೆ ಮದ್ದಲ್ಲ.

ಆದರೆ ನನ್ನ ತಲೆಯಲ್ಲಿ ಸುಳಿಯುತ್ತಿರುವುದು 2008ರ ಜನವರಿಯ ಪರ್ತ್. ಹಿಂದಿನ ಟೆಸ್ಟ್‌ನಲ್ಲಿ ಸಿಡ್ನಿಯಲ್ಲಾದ ಜಗಳದ ಕಹಿ ಇನ್ನೂ ಆರಿರಲಿಲ್ಲ. ಆಸ್ಟ್ರೇಲಿಯಾ ಸತತ ಹದಿನಾರು ಟೆಸ್ಟ್ ಗೆದ್ದು ಬೀಗುತ್ತಿತ್ತು. ಅವರಿಗೆ 413ರ ಗುರಿ, ಕ್ರೀಸ್‌ನಲ್ಲಿ ಅವರ ನಾಯಕ ಪಾಂಟಿಂಗ್. ಹತ್ತೊಂಬತ್ತರ ಇಶಾಂತ್ ಶರ್ಮಾ ಓವರ್ ಮೇಲೆ ಓವರ್ ಅವರನ್ನು ಕಾಡುತ್ತಿದ್ದ. ಚೆಂಡು ಬ್ಯಾಟ್‌ನ ಅಂಚಿನ ಪಕ್ಕದಲ್ಲೇ ಹಾದು ಹೋಗುತ್ತಿತ್ತು, ವಿಕೆಟ್ ಮಾತ್ರ ಬೀಳುತ್ತಿರಲಿಲ್ಲ. ಹುಡುಗ ದಣಿದಿದ್ದಾನೆಂದು ನಾಯಕ ಕುಂಬ್ಳೆ ಬೌಲಿಂಗ್ ಬದಲಿಸಲು ಹೊರಟಿದ್ದರು. ಆಗ ಸೆಹ್ವಾಗ್, ದೆಹಲಿಯಲ್ಲಿ ಇವನು ಉದ್ದುದ್ದ ಸ್ಪೆಲ್ ಮಾಡುತ್ತಾನೆ, ಇನ್ನೊಂದು ಓವರ್ ಕೊಡಿ ಎಂದರು. ಕುಂಬ್ಳೆ ನೇರವಾಗಿ ಹುಡುಗನನ್ನೇ ಕೇಳಿದರು, ಇನ್ನೊಂದು ಮಾಡುತ್ತೀಯಾ ಎಂದು. ಮಾಡುತ್ತೇನೆ ಎಂದ. ಆ ಓವರಿನಲ್ಲೇ ಪಾಂಟಿಂಗ್ ಬ್ಯಾಟಿನ ಅಂಚು ತಾಗಿದ ಚೆಂಡು ಸ್ಲಿಪ್‌ನಲ್ಲಿದ್ದ ದ್ರಾವಿಡ್ ಕೈ ಸೇರಿತು. 72 ರನ್‌ಗಳ ಗೆಲುವು.

ಎಲ್ಲರೂ ಆ ವಿಕೆಟ್ ನೆನೆಯುತ್ತಾರೆ. ನಾನು ನೆನೆಯುವುದು ಕುಂಬ್ಳೆಯವರ ಪ್ರಶ್ನೆಯನ್ನು. ಅಷ್ಟು ಹೊತ್ತಿಗೆ ಟೆಸ್ಟ್‌ನಲ್ಲಿ ಆರುನೂರು ವಿಕೆಟ್ ಪಡೆದಿದ್ದ ಮನುಷ್ಯ, ನಿನ್ನೆ ಮೊನ್ನೆ ತಂಡಕ್ಕೆ ಬಂದವನನ್ನು ಕೇಳಿದರು. ಮಾತು ಹೇಳಿದ ಸೆಹ್ವಾಗ್ ಕೂಡ ಬಹುಕಾಲ ಟೆಸ್ಟ್ ತಂಡದಿಂದ ಹೊರಗಿದ್ದು, ಕುಂಬ್ಳೆ ಒತ್ತಾಸೆಯಿಂದ ಮರಳಿದವರು. ಇಶಾಂತ್ ಒಲ್ಲೆ ಎಂದಿದ್ದರೆ? ಆಗಲೂ ಕುಂಬ್ಳೆ ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ. ತನ್ನನ್ನು ಒಂದು ಮಾತು ಕೇಳಿದರು ಎಂಬುದು ಆ ಹುಡುಗನಿಗೆ ಉಳಿಯುತ್ತಿತ್ತು. ಪರ್ತ್‌ನ ಆ ಬೆಳಗ್ಗೆ ಟಿವಿ ಮುಂದೆ ಕುಳಿತಿದ್ದ ನಾನು ಇಂದಿಗೂ ಆ ಗಳಿಗೆಯಿಂದ ಎದ್ದಿಲ್ಲ ಎನ್ನು.

ಆದ್ದರಿಂದ ಕೇಳು, ಪುಟ್ಟಿ. ತಂಡದಿಂದ ಬಿಡುವವಳಿಗೆ ಮೊದಲು ಹೇಳು, ಕಾರಣವನ್ನೂ ಹೇಳು. ಏನು ಸುಧಾರಿಸಿದರೆ ಮತ್ತೆ ಬರಬಹುದೆಂದೂ ಹೇಳು. ಕ್ಯಾಚ್ ಕೈಚೆಲ್ಲಿದವಳನ್ನು ಎಲ್ಲರೆದುರು ಗದರಬೇಡ. ಸೋತ ದಿನ ಮಾತನಾಡಲು ನೀನು ನಿಲ್ಲು, ಗೆದ್ದ ದಿನ ಬೇರೆಯವರನ್ನು ಮುಂದೆ ಬಿಡು... ಉಪದೇಶ ಉದ್ದವಾಯಿತು, ಕ್ಷಮಿಸು. ನವಿ ಮುಂಬಯಿಯ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ನಾಯಕಿ ಹರ್ಮನ್‌ಪ್ರೀತ್ ಶಫಾಲಿಯ ಕೈಗೆ ಚೆಂಡು ಕೊಟ್ಟದ್ದನ್ನು ನೀನೇ ನೋಡಿದ್ದೀಯ. ಗಾಯಾಳುವಿನ ಜಾಗಕ್ಕೆ ಕೊನೆಯಲ್ಲಿ ಬಂದವಳು 87 ಹೊಡೆದು, ಎರಡು ವಿಕೆಟ್ ಕೂಡ ತೆಗೆದಳು. ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನೀನು ನಾಯಕಿಯಾದ ಸುದ್ದಿಯನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದವನು ನಾನು. ಇಷ್ಟು ಚಿಕ್ಕ ವಯಸ್ಸಿಗೆ ಕಷ್ಟದ ತೀರ್ಮಾನ ತೆಗೆದುಕೊಳ್ಳುವ ನಿನ್ನ ಧೈರ್ಯ ಕಂಡು ಎದೆ ತುಂಬುತ್ತದೆ. ಅದೇ ಧೈರ್ಯ ಕಂಡು ಹೆದರಿಕೆಯೂ ಆಗುತ್ತದೆ. ಎಲ್ಲವನ್ನೂ ಒಬ್ಬಳೇ ಯೋಚಿಸಿ, ಒಬ್ಬಳೇ ತೀರ್ಮಾನಿಸಿ, ಕೊನೆಗೆ ರಾತ್ರಿ ಒಬ್ಬಳೇ ಅಳುವ ಅಭ್ಯಾಸ ನಿನಗೆ ಅಂಟೀತೆಂದು.

ಭಾನುವಾರದ ಪಂದ್ಯಕ್ಕೆ ಮೊದಲು ಅವಳ ಕೋಣೆಗೆ ಹೋಗು. ತಂಡಕ್ಕೆ ಮತ್ತೆ ಸೇರಿಸಿಕೊಳ್ಳುತ್ತೇನೆಂದು ಸುಳ್ಳು ಆಸೆ ಹುಟ್ಟಿಸಬೇಡ. ಪಟ್ಟಿ ಅಂಟಿಸುವ ಮೊದಲು ನಿನಗೆ ಹೇಳಬೇಕಿತ್ತು ಎನ್ನು, ಅವಳು ಬೈದರೆ ಕೇಳಿಸಿಕೊ. ಏನಾಯಿತೆಂದು ನನಗೆ ಹೇಳಲು ಮನಸ್ಸಿಲ್ಲದಿದ್ದರೆ ಅಮ್ಮನಿಗಾದರೂ ಫೋನ್ ಮಾಡು.

ನಿನ್ನ
ಅಪ್ಪ