ರೊಟ್ಟಿ ಕೊಟ್ಟ ಅವ್ವಂದಿರಿಗೆ, ರಾಡಿ ತೆಗೆದ ತಮ್ಮಂದಿರಿಗೆ

ಹೋದ ವಾರ ನಮ್ಮ ಹೊಸ ಮನೆಯ ವಾಸ್ತುಶಾಂತಿ ಆಯಿತು. ಬಂಧು ಬಳಗ ಎಲ್ಲ ಬಂದಿದ್ದರು. ಆದರೆ ಕರೆಯಲೇಬೇಕಾಗಿದ್ದ ಎಷ್ಟೋ ಜನರ ಹೆಸರು, ಊರು ನಮಗೆ ಗೊತ್ತಿಲ್ಲ. ಅವರಿಗೆ ಮುಟ್ಟಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಊರು. 2019ರ ಆಗಸ್ಟಿನಲ್ಲಿ ಘಟ್ಟದ ಕಡೆ ಮಳೆ ಜೋರಾಗಿ, ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟರು. ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿದ್ದನ್ನು ನೀವು ಟಿವಿಯಲ್ಲಿ ನೋಡಿರಬಹುದು. ನಮ್ಮ ಓಣಿಗೂ ಅದೇ ನೀರು ಬಂತು. ದನಗಳ ಹಗ್ಗ ಬಿಚ್ಚಿ, ಮಕ್ಕಳನ್ನು ಎತ್ತಿಕೊಂಡು, ಉಟ್ಟ ಬಟ್ಟೆಯಲ್ಲೇ ಹೊರಟೆವು.

ಗಂಜಿ ಕೇಂದ್ರಕ್ಕೆ ಮೊದಲು ಬಂದಿದ್ದು ರೊಟ್ಟಿ. ಮಠದ ಭಕ್ತರು ಬೇರೆ ಊರುಗಳಲ್ಲಿ ಮನೆಮನೆಗೆ ಹೋಗಿ ಕೂಡಿಸಿ ತಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಜಾತ್ರೆಯ ದಾಸೋಹಕ್ಕೆ ರೊಟ್ಟಿ ಕೊಡುವುದು ನಮ್ಮ ಕಡೆಯ ರೂಢಿ. ನಾನೂ ವರ್ಷವರ್ಷ ಬಡಿದು ಕೊಟ್ಟವಳೇ. ಈ ಸಲ ತಗೊಳ್ಳುವ ಸಾಲಿನಲ್ಲಿ ನಿಂತಿದ್ದೆ. ಕೈ ಮುಂದೆ ಬರಲಿಲ್ಲ. ಬಡಿಸುತ್ತಿದ್ದ ಅಜ್ಜಿ, "ಯಾಕ ಸಂಕೋಚ ಯವ್ವಾ? ಇದು ಶರಣರ ಮನಿ ಊಟ. ನಿನ್ನ ಪಾಲಿಂದು ನೀ ಉಣ್ಣು" ಎಂದು ಎರಡು ರೊಟ್ಟಿ ಜಾಸ್ತಿಯೇ ಇಟ್ಟರು.

ನೀರು ಇಳಿದ ಮೇಲೆ ಮನೆ ನೋಡಲು ಹೋದರೆ ಒಳಗೆಲ್ಲ ಮೊಣಕಾಲುದ್ದ ರಾಡಿ. ನಾರುತ್ತಿತ್ತು. ಎಲ್ಲಿಂದ ಶುರು ಮಾಡುವುದು ಅಂತಲೇ ತೋಚಲಿಲ್ಲ. ಆಗಸ್ಟ್ 12, ಶ್ರಾವಣ ಸೋಮವಾರ, ಅವತ್ತೇ ಬಕ್ರೀದ್. ಪಕ್ಕದ ಊರಿನ ಹುಡುಗರು ನಮಾಜ್ ಮುಗಿಸಿ, ಟ್ರ್ಯಾಕ್ಟರಿನಲ್ಲಿ ಸಲಿಕೆ, ಬುಟ್ಟಿ ಹಾಕಿಕೊಂಡು ಬಂದರು. ಹಬ್ಬ ಅಲ್ವಾ, ಮನೆಗೆ ಹೋಗ್ರಪ್ಪಾ ಎಂದರೆ ಕೇಳಲಿಲ್ಲ. "ಬಾಜೂ ಮನಿಯವರು ಹಸದಿದ್ದಾಗ ನಾವು ಹೊಟ್ಟಿತುಂಬ ಉಣ್ಣಬಾರದು ಅಂತ ನಮಗ ಕಲಿಸ್ಯಾರ ಅಕ್ಕಾ" ಎಂದ ಒಬ್ಬ. ತಿಜೋರಿಯಲ್ಲಿ ನೆನೆದು ಅಂಟಿಕೊಂಡಿದ್ದ ಹೊಲದ ಉತಾರ (ಪಹಣಿ), ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲವನ್ನೂ ಅವನೇ ಒಂದೊಂದಾಗಿ ಬಿಡಿಸಿ, ಮಾಳಿಗೆ ಮೇಲೆ ಹರವಿ, ಹಾರದಂತೆ ಕಲ್ಲಿಟ್ಟ. ಮುಂದೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಅವೇ ಕಾಗದಗಳು ಕೈ ಹಿಡಿದವು.

ಹಳೆ ಬಟ್ಟೆಯ ಗಂಟುಗಳೂ ರಾಶಿ ಬಂದವು. ಕಳಿಸಿದವರಿಗೆ ಪುಣ್ಯ ಬರಲಿ. ಆದರೂ ಸೇವೆಗೆ ಹೊರಡುವವರಿಗೆ ನನ್ನದೊಂದು ಮಾತಿದೆ. ಟಿವಿಯವರು ಹೋದ ಮೇಲೂ ಬನ್ನಿ. ಸಲಿಕೆ ತನ್ನಿ, ಬ್ಲೀಚಿಂಗ್ ಪೌಡರ್ ತನ್ನಿ, ಹೆಣ್ಣುಮಕ್ಕಳಿಗೆ ಪ್ಯಾಡ್ ತನ್ನಿ. ಅವನ್ನು ನಾವು ಬಾಯಿಬಿಟ್ಟು ಕೇಳಲಾರೆವು.

ನಮ್ಮನ್ನು ಮುಳುಗಿಸಿದ ಇದೇ ಹೊಳೆ ಮುಂದೆ ಹೋಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ವಾಸ್ತುಶಾಂತಿ ಮುಗಿಸಿ ಅಲ್ಲಿಗೆ ಹೋಗಿದ್ದೆವು. ನಿಮ್ಮೆಲ್ಲರ ಹೆಸರಿನಲ್ಲಿ ಕಾಯಿ ಒಡೆಸಿದೆವು.

ಅವ್ವಾ, ಅಣ್ಣಾ, ತಮ್ಮಾ, ಪಟ್ಟದಕಲ್ಲಿನ ಕಡೆ ಬಂದರೆ ನಮ್ಮ ಮನೆಗೆ ಬನ್ನಿ. ಈಗ ಎತ್ತರದ ಜಾಗದಲ್ಲಿ ಕಟ್ಟಿಸಿದ್ದೇವೆ. ಚಹಾ ಕುಡಿದು ಹೋದರೆ ಬಿಡುವುದಿಲ್ಲ, ಊಟ ಮಾಡಿಕೊಂಡೇ ಹೋಗಬೇಕು.